ಪಲ್ಟಿ ಹೊಡೆದ ಉಪಗ್ರಹ

ಉಪಗ್ರಹ ಬದುಕಿದೆಯೋ ಸತ್ತಿದೆಯೋ ಎಂದು ನೆಲದಲ್ಲಿ ನಿಂತು ನೋಡಿಯೇ ಹೇಳಬಹುದು ಎಂದರೆ ನನ್ನ ಹೊಲಿಗೆ ಅಂಗಡಿಗೆ ಬರುವವರು ಈಗಲೂ ನಗುತ್ತಾರೆ. ನಗಲಿ. ಸೂರ್ಯ ಮುಳುಗಿ ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಕೆಲಸದಲ್ಲಿರುವ ಉಪಗ್ರಹ ಅತ್ತಿತ್ತ ಹೊರಳದೆ ಸಾಗುತ್ತದೆ, ಅದರ ಬೆಳಕು ಒಂದೇ ಸಮ. ಹಿಡಿತ ತಪ್ಪಿದ್ದು ಪಲ್ಟಿ ಹೊಡೆಯುತ್ತಾ ಹೋಗುತ್ತದೆ, ಹೊಳಪಿನ ಮಗ್ಗುಲಿಗೆ ಬಿಸಿಲು ತಾಗಿದಾಗೆಲ್ಲ ಫಳ್ಳನೆ ಮಿನುಗುತ್ತದೆ. ಇಷ್ಟೇ ವಿದ್ಯೆ. ಉಳಿದದ್ದು ತಾಳ್ಮೆ. ಆಕಾಶ ಬಿಟ್ಟು ಬೇರೆ ಯಾವುದರಲ್ಲೂ ನನಗೆ ಅದು ಇಲ್ಲವೆಂದು ನನ್ನ ಗಂಡನ ದೂರು.

ಬೇರೆ ಬೇರೆ ದೇಶಗಳಲ್ಲಿ ಇದೇ ಹುಚ್ಚು ಹಿಡಿದವರ ಗುಂಪೊಂದಿದೆ. ಕಂಡದ್ದನ್ನು ಮೊಬೈಲಿನಲ್ಲಿ ಬರೆದು ಹಾಕುತ್ತೇವೆ. ಕಳೆದ ಚಳಿಗಾಲದ ಒಂದು ಸಂಜೆ ಅಂಗಡಿ ಮುಚ್ಚಿ ಬಂದು ಅಂಗಳದಲ್ಲಿ ಬೈನಾಕ್ಯುಲರ್ ಎತ್ತಿದೆ. ವರ್ಷಗಳಿಂದ ಒಂದೇ ಸಮ ಬೆಳಗುತ್ತಿದ್ದ ಉಪಗ್ರಹವೊಂದು ಅವತ್ತು ಮಿನುಗುತ್ತಿತ್ತು. ಕೂಡಲೇ ಬರೆದೆ: ಇದು ಹಿಡಿತ ತಪ್ಪಿದೆ.

ಯಾರೂ ನಂಬಲಿಲ್ಲ. ಅದೇ ವಾರ ಸರಿಯಾಗಿಯೇ ಕಂಡಿತ್ತು ಎಂದರು. ಗುಂಪಿನ ಹಿರಿಯನೊಬ್ಬ, ದೂರದ ಯಾವುದೋ ಚಳಿದೇಶದವನು, ಬಹಳ ವಿನಯದಿಂದ ಕೇಳಿದ: "ನಿಮ್ಮಲ್ಲಿ ಮರಗಳು ಹೆಚ್ಚೇ?"

ನನಗೆ ಮೈಯೆಲ್ಲ ಉರಿಯಿತು. ಪ್ರಶ್ನೆ ಸರಿಯಾಗಿತ್ತಲ್ಲ, ಅದಕ್ಕೇ ಹೆಚ್ಚು ಉರಿಯಿತು. ತೆಂಗಿನ ಗರಿಗಳ ಹಿಂದೆ ಹಾದುಹೋದರೆ ಎಂಥ ಆರೋಗ್ಯವಂತ ಉಪಗ್ರಹವೂ ಮಿನುಗುತ್ತದೆ. ಪುತ್ತೂರು, ಸುಳ್ಯ, ಕಡಬದಲ್ಲಿ ತಲೆ ಎತ್ತಿದವರಿಗೆ ಮೊದಲು ಮೋಸ ಮಾಡುವುದೇ ಈ ಗರಿ. ಬೆಳ್ಳಾರೆಯ ನಮ್ಮ ಅಂಗಳದ ಸುತ್ತ ತೆಂಗಲ್ಲದೆ ಬೇರೇನಿದೆ?

"ಎಂತ, ಗರಿ ಎಡೆಯಲ್ಲಿ ಹೋದದ್ದು ನೋಡಿ ಪಾಪದ್ದನ್ನು ಕೊಂದೇ ಬಿಟ್ಟಿಯಾ?" ಎಂದರು ಗಂಡ.

"ನಾಳೆ ಪಾದೆಗೆ ಹೋಗುದು. ನೀವೂ ಬರುದು. ಆಮೇಲೆ ನಗಿ" ಎಂದೆ.

ಬಾಯಲ್ಲೇನೋ ಜೋರು. ನಾನು ತಪ್ಪಿದ್ದರೆ ಇನ್ನು ಮೇಲೆ ಏನು ಬರೆದರೂ ಆ ಗುಂಪಿನವರು ಮರಗಳನ್ನು ನೆನೆದುಕೊಂಡೇ ಓದುತ್ತಾರೆ. ಇಷ್ಟು ವರ್ಷ ಕತ್ತು ನೋಯಿಸಿಕೊಂಡು ಗಳಿಸಿದ ಮಾತಿನ ಬೆಲೆ ಅಲ್ಲಿಗೆ ಮುಗಿಯಿತು.

ಊರ ಹೊರಗಿನ ಪಾದೆ ಎಂದರೆ ಮರವಿಲ್ಲದ ಬೋಳು ಕಲ್ಲು, ಸುತ್ತ ಪೂರ್ತಿ ಆಕಾಶ. ಮರುದಿನ ಸಂಜೆ ಸ್ಕೂಟರಿನಲ್ಲಿ ಹೋದೆವು. ಘಟ್ಟದ ಕಡೆಯಿಂದ ಮೋಡ ಏಳುತ್ತಿತ್ತು. ಅದು ಮೇಲೆ ಬರುವ ಮುಂಚೆ ಉಪಗ್ರಹ ಬರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ಬಂತು. ತೆಂಕಿನಿಂದ ಎದ್ದು ನೆತ್ತಿಯ ಕಡೆ ಸಾಗಿತು. ಮಿನುಗು, ಕತ್ತಲೆ, ಮಿನುಗು.

ಪಕ್ಕದಲ್ಲಿ ಟಕ್, ಟಕ್ ಎಂದು ಸದ್ದು. ನನ್ನ ಗಂಡ ಭಜನಾ ಮಂಡಳಿಯಲ್ಲಿ ತಾಳ ಹಾಕುವವರು. ತಮಗೇ ಗೊತ್ತಿಲ್ಲದೆ ಪ್ರತಿ ಮಿನುಗಿಗೂ ಹೆಲ್ಮೆಟ್ಟಿನ ಮೇಲೆ ಬೆರಳು ಬಡಿಯುತ್ತಿದ್ದರು. ನಾನು ಮೊಬೈಲಿನ ರೆಕಾರ್ಡರ್ ಒತ್ತಿ ಹೆಲ್ಮೆಟ್ಟಿನ ಹತ್ತಿರ ಹಿಡಿದೆ. ಉಪಗ್ರಹ ಮೋಡಕ್ಕೆ ನುಗ್ಗುವವರೆಗೂ ಅವರ ಬೆರಳು ನಿಲ್ಲಲಿಲ್ಲ.

"ಇದು ಗರಿ ಅಲ್ಲ ಮಾರಾಯ್ತಿ" ಎಂದರು ನಿಧಾನಕ್ಕೆ. "ಗರಿ ಆದ್ರೆ ತಾಳ ತಪ್ತದೆ. ಇದು ತಪ್ಪುದೇ ಇಲ್ಲ."

ಆ ಸದ್ದನ್ನೇ ಗುಂಪಿಗೆ ಕಳಿಸಿದೆ. ಅದನ್ನು ಕೇಳಿಕೊಂಡು ಎಲ್ಲರೂ ಮತ್ತೆ ಆಕಾಶ ನೋಡತೊಡಗಿದರು. ಆಮೇಲೆ ಒಬ್ಬೊಬ್ಬರಿಗೇ ತಮ್ಮ ತಮ್ಮ ಊರಿನಲ್ಲಿ ಅದೇ ಮಿನುಗು, ಅದೇ ಲಯ ಕಂಡಿತು. ಉಪಗ್ರಹ ನಿಜವಾಗಿಯೂ ಪಲ್ಟಿ ಹೊಡೆಯುತ್ತಿತ್ತು. ಅಷ್ಟು ವರ್ಷ ದುಡಿದದ್ದು ಹೋಯಿತಲ್ಲ ಎಂದು ಬೇಸರವಾಯಿತು, ಸುಳ್ಳು ಹೇಳುವುದಿಲ್ಲ, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಗಂಡನಂತೂ ಹಾಲಿನ ಸೊಸೈಟಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಅದರಲ್ಲಿ ಹೆಲ್ಮೆಟ್ಟಿನ ಪಾಲೇ ದೊಡ್ಡದಿತ್ತು.

ಮೊನ್ನೆ ಗುಂಪಿನಲ್ಲಿ ಇನ್ನೊಂದು ಉಪಗ್ರಹದ ವಿಷಯಕ್ಕೆ ಜಗಳ ಹತ್ತಿಕೊಂಡಿತು. ಅರ್ಧ ಜನ ಸತ್ತಿದೆ ಎಂದರು, ಅರ್ಧ ಜನ ಇಲ್ಲವೆಂದರು. ನಾವು ಅಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಊರಿನ ಹೆಸರಿನಿಂದ. ಯೂನಿಫಾರ್ಮಿಗೆ ಗುಂಡಿ ಹಾಕುತ್ತಿದ್ದವಳು ಮೊಬೈಲ್ ತೆಗೆದು ನೋಡಿದೆ. ಕೊನೆಯಲ್ಲಿ ಆ ಚಳಿದೇಶದ ಹಿರಿಯ ಒಂದೇ ಸಾಲು ಬರೆದಿದ್ದ: "ಸ್ವಲ್ಪ ಕಾಯಿರಿ, ಬೆಳ್ಳಾರೆ ಇನ್ನೂ ನೋಡಿಲ್ಲ."