ರಟ್ಟಿನೊಳಗಿನ ಮುಖಪುಟಗಳು

ಹಳೆಯ ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಹುಳಿತ ಗಂಜಿಯ ವಾಸನೆ ಬಂತು. ಎದುರಿಗೆ ಕೂತಿದ್ದ ಹುಡುಗಿ ಮೂಗು ಮುಚ್ಚಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ‘ಎಂಥಾ ಹಳೇ ಕಾಲದ ಪರಿಮಳ ಸರ್’ ಎಂದಳು. ಗಂಜಿಯನ್ನು ಪರಿಮಳ ಎನ್ನುವವರ ಬಗ್ಗೆ ನನಗೆ ಗೌರವವಿಲ್ಲ. ಆಕೆ ಬಂದದ್ದು ರಾಜಧಾನಿಯಿಂದ. ಎಪ್ಪತ್ತು ಎಂಬತ್ತರ ದಶಕದ ಕನ್ನಡ ಪುಸ್ತಕಗಳ ಮುಖಪುಟಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಪ್ರದರ್ಶನವಂತೆ. ನನ್ನ ಬಳಿ ಒಂದಷ್ಟಿವೆ ಎಂದು ಯಾರೋ ಹೇಳಿದ್ದಾರೆ. ಅವುಗಳ ಮೇಲಿದ್ದ ಕಂದು ಕಲೆಗಳನ್ನು ಮುಟ್ಟದೆ, ಮೇಲಿನಿಂದಲೇ ಕೈಯಾಡಿಸಿ, ‘ಈ ಕಲೆಗಳೇ ಇವುಗಳ ಜೀವ’ ಎಂದಳು. ಜೀವವಲ್ಲ ತಾಯಿ, ಅನ್ನದ ಗಂಜಿ. ಹಚ್ಚಿದವನು ನಾನು.

ಆಗ ನಾನು ಹೊನ್ನಾಳಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಲಾವಿದ ಎಂದು ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲ. ಒಂದು ತಾಮ್ರದ ಚೊಂಬು, ಪಕ್ಕದಲ್ಲಿ ಎರಡು ಮಾವಿನಹಣ್ಣು, ಬಲಗಡೆಗೆ ನೆರಳು. ನನ್ನ ಕಲೆ ಅಲ್ಲಿಗೆ ಮುಗಿಯುತ್ತಿತ್ತು. ನೆರಳು ಬಲಗಡೆಗೇ ಯಾಕೆ ಎಂದು ಕೇಳಿದವರಿಗೆ, ಪರೀಕ್ಷೆಯಲ್ಲಿ ಹಾಗೇ ಬೀಳುತ್ತದೆ ಎಂದು ಉತ್ತರಿಸುತ್ತಿದ್ದೆ. ಆ ಉತ್ತರವನ್ನು ನಂಬಿಯೂ ಇದ್ದೆ.

ಪೇಟೆಯ ವರ್ತಕರು ಸೇರಿ ಒಂದು ವಾಚನಾಲಯ ನಡೆಸುತ್ತಿದ್ದರು. ಅಲ್ಲಿನ ನಿಯಮ ಕೇಳಿದರೆ ನೀವು ನನ್ನನ್ನು ನಂಬಲಿಕ್ಕಿಲ್ಲ. ಹೊಸ ಪುಸ್ತಕ ಬಂದ ವಾರವೇ ಅದರ ಮುಖಪುಟ ಕಿತ್ತು, ಕಾಫಿಪುಡಿ ಬಣ್ಣದ ಕ್ಯಾಲಿಕೋ ಬಟ್ಟೆಯಲ್ಲಿ ಬೈಂಡ್ ಮಾಡಿಸಿ, ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆಸಬೇಕು. ಚಿತ್ರ ನೋಡಿ ಪುಸ್ತಕ ಒಯ್ಯುವವರು ಓದುವವರಲ್ಲ ಎಂಬುದು ಅಧ್ಯಕ್ಷರ ಸಿದ್ಧಾಂತ. ಅವರು ಅಡಿಕೆ ವ್ಯಾಪಾರಿ. ಸಿಪ್ಪೆ ಸುಲಿಯದೆ ಯಾವುದನ್ನೂ ಒಳಗೆ ಬಿಡುವ ಅಭ್ಯಾಸವಿರಲಿಲ್ಲ.

ಬೈಂಡಿಂಗ್ ಕೆಲಸ ಕೊಟ್ರೇಶಪ್ಪನವರದು. ಜಗಳೂರು ಕಡೆಯವರು, ನ್ಯಾಮತಿಗೆ ಬಂದು ನೆಲೆಸಿದ್ದರು. ತಿಂಗಳಿಗೊಮ್ಮೆ ಗೋಣಿಚೀಲದಲ್ಲಿ ಪುಸ್ತಕ ತುಂಬಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ವರ್ಷವಿಡೀ ಇದ್ದ ಕೆಲಸವೆಂದರೆ ವಾಚನಾಲಯದ್ದೊಂದೇ. ಅವರು ಮಾಡಿದ ಪುಸ್ತಕ ಕಲ್ಲಿನಂತೆ ಗಟ್ಟಿ.

ಹೇಗೆ ಅಷ್ಟು ಗಟ್ಟಿ ಎಂಬುದು, ವಾಚನಾಲಯದಿಂದ ತಂದಿದ್ದ ಪುಸ್ತಕದ ಮೇಲೆ ಒಂದು ದಿನ ನನ್ನ ನೀರಿನ ಹೂಜಿ ಉರುಳಿದಾಗ ತಿಳಿಯಿತು. ನೆನೆದ ಪುಸ್ತಕದ ರಟ್ಟು ಉಬ್ಬಿ ಪದರಪದರವಾಗಿ ಬಿಚ್ಚಿಕೊಂಡಿತು. ಅದು ಅಂಗಡಿಯಲ್ಲಿ ಕೊಂಡ ರಟ್ಟೇ ಅಲ್ಲ. ಕಿತ್ತ ಮುಖಪುಟಗಳನ್ನೇ ಒಂದರ ಮೇಲೊಂದು ಅಂಟಿಸಿ, ಭಾರ ಹೇರಿ, ಅವರು ರಟ್ಟು ಮಾಡುತ್ತಿದ್ದರು. ಮೊದಲ ಪದರ ಎಬ್ಬಿಸಿದೆ. ಪೂರ್ತಿ ಕಪ್ಪು, ಅದರ ಮೇಲೆ ಒಂದೇ ಒಂದು ಕೆಂಪು ಗೆರೆ, ಅದೂ ಅರ್ಧ ದಾರಿಯಲ್ಲಿ ಕಾಗದದಿಂದ ಹೊರಗೆ ಹೊರಟುಹೋಗಿತ್ತು. ಎರಡನೆಯದರಲ್ಲಿ ಹೆಸರಿನ ಅಕ್ಷರಗಳೆಲ್ಲ ಚೀಲದಿಂದ ಚೆಲ್ಲಿದಂತೆ ಕೆಳಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮೂರನೆಯದು ಒಂದು ಮುಖ. ಅರ್ಧ ಬರೆದು ಇನ್ನರ್ಧ ಬರಿಯ ಬಿಳಿ ಬಿಟ್ಟಿದ್ದರು; ನನ್ನನ್ನು ನೋಡುತ್ತಿದ್ದದ್ದು ಆ ಬರೆಯದ ಅರ್ಧ. ಮೂರನೆಯದು ಅದೇ ದಿನ ಸಿಕ್ಕಿತೋ, ಆಮೇಲೆ ಸಿಕ್ಕಿದ್ದನ್ನು ತಂದು ಇಲ್ಲಿ ಸೇರಿಸುತ್ತಿದ್ದೇನೋ ಹೇಳಲಾರೆ. ಮೂರಿದ್ದರೆ ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ನನಗೆ ಅನುಮಾನ.

ಅನುಮಾನವಿಲ್ಲದ್ದು ಇಷ್ಟು: ಅಂದು ನಾನು ನಾಚಿಕೆಯಿಂದ ಬೆವರಿದೆ. ಎರಡೇ ಬಣ್ಣ, ಅಗ್ಗದ ಕಾಗದ. ಎಲ್ಲಿಯೋ ಕೂತ ಯಾರೋ ಇಷ್ಟು ಧೈರ್ಯ ಮಾಡುತ್ತಿರುವಾಗ ನಾನು ಚೊಂಬಿಗೆ ನೆರಳು ಕೊಡುತ್ತಿದ್ದೆ.

ನಾಚಿಕೆಯಾದವನು ಕಲಿಯಬೇಕು. ನಾನು ಕದ್ದೆ. ವಾರಕ್ಕೆರಡು ಪುಸ್ತಕ ತಂದು, ರಟ್ಟು ನೆನೆಸಿ, ಮುಖಪುಟ ಬಿಡಿಸಿಕೊಂಡು, ಬಿಡಿಸುವಾಗ ಹರಿದದ್ದಕ್ಕೆ ಗಂಜಿ ಹಚ್ಚಿ ಕೂಡಿಸಿಟ್ಟು, ಖಾಲಿಯಾದ ಜಾಗಕ್ಕೆ ಮಕ್ಕಳ ಹಳೆಯ ಡ್ರಾಯಿಂಗ್ ಹಾಳೆ ತುರುಕಿ, ಅನ್ನದ ಗಂಜಿ ಬಳಿದು ಹಿಂತಿರುಗಿಸುತ್ತಿದ್ದೆ. ಇದನ್ನು ಕಲಾಸೇವೆ ಎಂದು ನನಗೆ ನಾನೇ ಹೇಳಿಕೊಂಡೆ. ಮಳೆಗಾಲ ಬಂದದ್ದೇ ತಡ, ವಾಚನಾಲಯದಲ್ಲಿ ರಟ್ಟುಗಳು ಒಂದೊಂದಾಗಿ ಕಳಚಿ ಬೀಳತೊಡಗಿದವು.

ಕೊಟ್ರೇಶಪ್ಪನವರನ್ನು ಸಮಿತಿ ಕರೆಸಿತು. ನನ್ನನ್ನೂ ಕರೆಸಿತು, ತಜ್ಞನೆಂದು. ಕಳಚಿದ ಒಂದು ಪುಸ್ತಕ ಮೇಜಿನ ಮೇಲಿತ್ತು. ಕೊಟ್ರೇಶಪ್ಪನವರು ಅದನ್ನು ಮೂಸಿ, ಉಗುರಿನಿಂದ ಕೆರೆದರು.

‘ಇದು ನನ್ನ ಅಂಟಲ್ಲ ಸಾಹುಕಾರ್ರೆ. ನಂದು ಮೈದಾ, ಹುಳ ಬೀಳಬಾರ್ದು ಅಂತ ಮೈಲುತುತ್ತ ಹಾಕಿರ್ತೀನಿ. ಇದು ಗಂಜಿ. ನೋಡ್ರಿ ಇಲ್ಲಿ, ಅಗುಳು ಇನ್ನೂ ಹಂಗೇ ಐತೆ.’

ಇನ್ನೊಂದು ಪದರ ಎಬ್ಬಿಸಿ ಒಳಗೆ ನೋಡಿದರು. ಏನೋ ಹೇಳಹೋದವರು ಸುಮ್ಮನಾಗಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ‘ಮೇಷ್ಟ್ರೇ, ನೀವು ಬಣ್ಣ ಗಿಣ್ಣ ಬಳಿಯೋರು. ಅಂಟಿನ ವಿಷ್ಯ ನಿಮಗೆ ಗೊತ್ತಿರ್ತೈತೆ. ಹೇಳ್ರಿ.’

‘ಒಣಗಿದ ಮೇಲೆ ಎಲ್ಲಾ ಅಂಟೂ ಒಂದೇ ಥರ ಕಾಣುತ್ತೆ’ ಎಂದೆ.

ಕೆಲಸ ಬೇರೊಬ್ಬರಿಗೆ ಹೋಯಿತು. ಕೊಟ್ರೇಶಪ್ಪನವರು ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ನಾಲ್ಕಾರು ವರ್ಷದ ಮೇಲೆ ಚನ್ನಗಿರಿಯಲ್ಲಿ ಅವರನ್ನು ಕಂಡೆ. ಒಂದು ಸೋಡಾ ಅಂಗಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದರು. ನಾನು ಪಕ್ಕದ ಓಣಿಗೆ ತಿರುಗಿದೆ.

‘ಏನ್ ಮೇಷ್ಟ್ರೇ, ಆ ಓಣಿ ಮುಂದೆ ಹೋಗಾಕೆ ಆಗಲ್ಲ, ಗೋಡೆ ಐತೆ. ಬರ್ರಿ, ಸೋಡಾ ಕುಡೀರಿ.’

ಕುಡಿದೆ. ಅವರು ಲೇಬಲ್ ಒತ್ತುತ್ತಲೇ ಹೇಳಿದರು: ‘ಅವತ್ತು ರಟ್ಟಿನಾಗೆ ಚೊಂಬು ಇತ್ರಿ. ಪಕ್ಕದಾಗೆ ಮಾವಿನಹಣ್ಣು. ಕೆಳಗೆ ನಿಮ್ಮ ಸಹಿ. ಹತ್ತಕ್ಕೆ ನಾಲ್ಕು ಕೊಟ್ಟಿದ್ರಿ.’

ನಾನು ಖಾಲಿ ಬಾಟಲಿಯನ್ನು ಅವರ ಪಕ್ಕದಲ್ಲಿಟ್ಟೆ.

‘ಇಂಥಾ ಚೊಂಬು ಬರೆಸೋ ಮನುಷ್ಯಗೆ ಆ ಮುಖಪುಟಗಳು ಯಾಕೆ ಬೇಕಾದ್ವಪ್ಪ ಅಂತ ಯೋಚ್ನಿ ಮಾಡ್ದೆ. ಇಂಥೋರಿಗೇ ಬೇಕಾಗಿರ್ತಾವೆ ಅಂದ್ಕೊಂಡು ಸುಮ್ನಾದೆ. ಆದ್ರೂ ಒಂದು ಮಾತು ಕೇಳ್ಬೇಕಿತ್ತು ನೀವು. ಮನ್ಯಾಗೆ ಒಂದು ಚೀಲ ಇದ್ವು. ಕೊಡ್ತಿದ್ದೆ.’

ಇದನ್ನು ದೊಡ್ಡ ಮನಸ್ಸು ಎಂದು ಕರೆದುಬಿಟ್ಟರೆ ನನಗೆ ಬಹಳ ಅನುಕೂಲ. ಕ್ಷಮೆ ಸಿಕ್ಕಿತು ಎಂದುಕೊಂಡು ಪ್ರಬಂಧ ಮುಗಿಸಬಹುದು. ಆದರೆ ಅವರ ದನಿಯಲ್ಲಿ ಕ್ಷಮೆ ಇತ್ತೆಂದು ನನಗೆ ಅನ್ನಿಸುವುದಿಲ್ಲ. ವಾದಕ್ಕೂ ಯೋಗ್ಯನಲ್ಲದವನ ಜೊತೆ ಮಾತಾಡುವ ದನಿ ಅದು. ಆಗಲೂ ನಾನು ಹೊನ್ನಾಳಿಗೆ ಹೋಗಿ ಅಧ್ಯಕ್ಷರ ಮುಂದೆ ನಿಂತು ನಿಜ ಹೇಳಬಹುದಿತ್ತು. ಬಸ್ಸು ತಪ್ಪುತ್ತದೆ ಎಂದು ಹೊರಟುಬಂದೆ.

ಹುಡುಗಿ ಮುಖಪುಟಗಳನ್ನೆಲ್ಲ ಎಣಿಸಿಯಾದ ಮೇಲೆ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ಗೋಡೆಯ ಮೇಲೆ ಹಾಕುವ ಒಕ್ಕಣೆಯಂತೆ. ‘ಇವನ್ನು ನಾಶವಾಗದಂತೆ ಕಾಪಾಡಿದವರು’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದಳು. ಅಕ್ಷರಗಳ ಜೋಡಣೆ ಸೊಗಸಾಗಿತ್ತು. ಆಕೆಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, ‘ಇದನ್ನೂ ಒಂದು ಚೆಂದದ ಕಥೆಯಾಗಿ ಹಾಕೋಣ ಸರ್’ ಎಂದಳು.

ಚೀಟಿ ತಿರುಗಿಸಿ ನಾನೇ ಬರೆದೆ: ‘ವಾಚನಾಲಯದ ಪುಸ್ತಕಗಳಿಂದ ಕದ್ದವು. ಕದ್ದವನು ನಾನು. ಕೆಲಸ ಕಳೆದುಕೊಂಡವರು ನ್ಯಾಮತಿಯ ಬೈಂಡರ್ ಕೊಟ್ರೇಶಪ್ಪನವರು.’ ಇದನ್ನು ಹಾಕುವುದಾದರೆ ಮುಖಪುಟಗಳನ್ನು ಒಯ್ಯಿ, ಇಲ್ಲವಾದರೆ ಬೇಡ ಎಂದೆ. ಅಂದು ಆ ಸಭೆಯಲ್ಲಿ ಹೇಳಬೇಕಾಗಿದ್ದದ್ದೂ ಇಷ್ಟೇ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಆಕೆ ಎರಡು ಸಲ ಓದಿದಳು. ಮೊದಲ ಬಾರಿಗೆ ಅವಳ ಮುಖದಲ್ಲಿದ್ದ ನಗು ಹೋಗಿತ್ತು.

‘ಅವರು ಈಗ ಇದ್ದಾರಾ ಸರ್?’

ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ವಿಚಾರಿಸಿಯೇ ಇರಲಿಲ್ಲ.