ಕಡಲಿಗಾಗಿ ಮರಳಿಯಲ್ಲಿ ಹೊದಿಸಿದ ಶಾಲು

ಮರಳಿ ಎಂಬ ಊರಿನ ರಾಜಾಸಾಬ ಐವತ್ತು ದಾಟಿದರೂ ಕಡಲು ಎಂಬುದನ್ನು ಕಂಡವನಲ್ಲ. ಭತ್ತದ ಗದ್ದೆಗಳ ನೀರು ಹೊತ್ತ ಹಳ್ಳ ತುಂಗಭದ್ರೆಗೆ ಸೇರುವ ಬಾಯಲ್ಲಿ ಬಲೆ ಬೀಸುವುದು, ಸಿಕ್ಕ ಮೀನನ್ನು ಹೆಂಡತಿ ತಾಜಬೀ ಗಂಗಾವತಿಗೆ ಒಯ್ದು ಮಾರುವುದು, ಸಂಜೆ ಚಹಾದಂಗಡಿಯಲ್ಲಿ ಕೂತು ಲೋಕವನ್ನೆಲ್ಲ ಬೈಯುವುದು, ಇಷ್ಟೇ ಅವನ ಬಾಳು. ಆದರೆ ಯಾರಾದರೂ “ಬರ್ರಿ ರಾಜಾಸಾಬರ, ಕುಂದರ್ರಿ” ಎಂದು ಕುರ್ಚಿ ಸರಿಸಿದರೆ ಮುಗಿಯಿತು, ಆಸಾಮಿ ಬೆಣ್ಣೆಯಾಗುತ್ತಿದ್ದ.

ಇಂಥವನನ್ನು ಕಡಲೇ ಹುಡುಕಿಕೊಂಡು ಬಂತು. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಸಮುದ್ರಕ್ಕೆ. ಆದ್ದರಿಂದ ನದಿಯವರೂ ಕಡಲವರೂ ಕೂಡಿ ನೆಲ-ನೀರು ಕಾಪಾಡಬೇಕೆಂದು ಗಂಗಾವತಿಯಲ್ಲಿ ‘ನದಿ-ಕಡಲು ಜಂಟಿ ಕೂಟ’ ಹುಟ್ಟಿತು. ಮಾತೇನೋ ಚೆನ್ನ. ಅಧ್ಯಕ್ಷ ಯಾರು? ಕ್ರಿಮಿನಾಶಕದ ಅಂಗಡಿಯ ವಿರುಪಾಕ್ಷಿ! ಸದಸ್ಯರು ಅವನ ಗಿರಾಕಿಗಳಾದ ಗದ್ದೆಯ ಧಣಿಗಳು.

ಮರಳಿಯಲ್ಲಿ ಸಭೆ ಸೇರಿತು. ಕೃಷ್ಣೆ ಕಡಲು ಸೇರುವ ಊರಿಂದ ಬಂದ ಮೀನುಗಾರ್ತಿಯೊಬ್ಬಳು ತೆಲುಗಿನಲ್ಲಿ ಕೇಳಿದ್ದು ಎರಡೇ: ಗದ್ದೆಯ ವಿಷ ನದಿಗೆ ಬಿಡಬೇಡಿ, ಮೀನು ಮೊಟ್ಟೆಯಿಡುವ ತಿಂಗಳಲ್ಲಿ ಬಲೆ ಹಾಕಬೇಡಿ. ಹಿಂದೆ ಕೂತಿದ್ದ ರಾಜಾಸಾಬ ಹೌದೌದೆಂದು ತಲೆಯಾಡಿಸಿದ, ಸತ್ತು ತೇಲುವ ಮೀನಮರಿಗಳನ್ನು ಅವನೂ ಕಂಡವನೇ. ವಿಷದ ವಿಚಾರವನ್ನು ಕೂಟ ಸುಗ್ಗಿಯಾದ ಮೇಲೆ ನೋಡೋಣವೆಂದು ಮುಂದಕ್ಕೆ ತಳ್ಳಿತು.

ಅಷ್ಟರಲ್ಲಿ ಮೈಕಿನಲ್ಲಿ ರಾಜಾಸಾಬನ ಹೆಸರು ಕೂಗಿದರು. ಹಾರ ಬಿತ್ತು, ಶಾಲು ಬಿತ್ತು, ಫೋಟೊ ಆಯಿತು. ಅವನ ಎದೆ ಉಬ್ಬಿದ್ದೇನು, ಕಣ್ಣು ತುಂಬಿದ್ದೇನು! ಆಮೇಲೆ ವಿರುಪಾಕ್ಷಿ ಸಾರಿದ: “ಕಡಲಿನ ಸಲುವಾಗಿ ಇವತ್ತಿನಿಂದ ಬಲಿ ಬೀಸೂದು ಬಿಟ್ಟ ತ್ಯಾಗಜೀವಿ, ನಮ್ಮ ರಾಜಾಸಾಬರು!”

ಯಾ ಅಲ್ಲಾ! ಹೊದ್ದ ಶಾಲನ್ನು ಊರ ಮುಂದೆ ಕಿತ್ತು ಕೊಡಲಾದೀತೇ? ಕೈ ಮುಗಿದ. ಆದರೆ ತಾನೊಬ್ಬನೇ ಬಿಡುವುದೆಂದರೇನು ಎಂದು ಸಿಟ್ಟು ಬಂತು. ಮೈಕು ಹಿಡಿದ: “ನಾ ಬಲಿ ಬಿಟ್ಟೇನಿ. ಅಧ್ಯಕ್ಷರೂ ಇವತ್ತಿನಿಂದ ಇಷ ಮಾರೂದು ಬಿಟ್ಟಾರ್ರೀ!” ಎನ್ನುತ್ತ ಇನ್ನೊಂದು ಶಾಲು ಎತ್ತಿ ವಿರುಪಾಕ್ಷಿಗೆ ಹೊದಿಸಿದ. ಊರು ಚಪ್ಪಾಳೆ ತಟ್ಟಿತು. ವಿರುಪಾಕ್ಷಿಯೂ ಕೈ ಮುಗಿದ. ಪಾಪ, ರಾಜಾಸಾಬ ಅದನ್ನು ನಂಬಿಬಿಟ್ಟ.

ಮರುದಿನ ಅಂಗಡಿ ಎಂದಿನಂತೆ ತೆರೆಯಿತು. ಬಲೆ ಮಾತ್ರ ಗೂಟದಲ್ಲೇ ಉಳಿಯಿತು. ತಾಜಬೀ ವಾರವಿಡೀ ಖಾಲಿ ಬುಟ್ಟಿ ನೋಡಿ ಸಾಕಾಗಿ ಸಿಡಿದಳು: “ಅವ ಹೊಸ ಮಾಲು ಇಳಿಸ್ಯಾನ, ಇಲ್ಲಿ ಒಲಿ ಹತ್ತವಲ್ದು!”

“ಅವಗ ಮರ್ಯಾದಿ ಇಲ್ಲಂತ ನನಗೂ ಇರಬಾರದೇನ?”

“ನಿನ್ನ ಮರ್ಯಾದಿ ನೀ ಇಟ್ಕೊ. ಶಾಲು ಹೊದಿಸಿದ್ದು ನಿನಗ, ನನಗಲ್ಲ” ಎಂದವಳೇ ಬಲೆ ಹೆಗಲಿಗೇರಿಸಿ ಹಳ್ಳಕ್ಕೆ ನಡೆದಳು.

ಸುದ್ದಿ ತಿಳಿದು ವಿರುಪಾಕ್ಷಿ ಗಾಡಿ ಓಡಿಸಿಕೊಂಡು ಬಂದ. “ತಾಜಬೀ, ಕಡಲು ಹಾಳಾಗತೈತಿ! ನಿನ್ನ ಗಂಡ ಮಾತು ಕೊಟ್ಟಾನ!”

“ಮಾತು ನೀವೂ ಕೊಟ್ಟೀರಿ ಸಾವಕಾರ್ರ. ಹಳ್ಳಕ್ಕ ಔಷಧಿ ನೀರು ಬರೂದು ನಿಲ್ಲಸ್ರಿ, ಮೀನು ತತ್ತಿ ಇಡೋ ತಿಂಗಳು ನಾನ ಬಲಿ ಸುತ್ತಿ ಇಡತೀನಿ.”

ವಿರುಪಾಕ್ಷಿ ಅಂಗಡಿಗೆ ಹೊತ್ತಾಯಿತೆಂದು ಗಾಡಿ ತಿರುಗಿಸಿದ. ತಾಜಬೀ ಸೆರಗು ಬಿಗಿದು ನೀರಿಗಿಳಿದಳು, ಬಲೆ ಬೀಸಿದಳು, ಅದು ಮುದ್ದೆಯಾಗಿ ಬಿತ್ತು. ದಡದಲ್ಲಿ ನಿಂತ ರಾಜಾಸಾಬ ಬಲೆ ಬೀಸೆನೆಂಬ ಆಣೆ ಬಾಯಿಗೂ ತಗಲುತ್ತದೆಯೇ ಎಂದು ಒಂದು ಗಳಿಗೆ ಯೋಚಿಸಿದ. ಆಮೇಲೆ ಕೂಗಿದ: “ಹಂಗಲ್ಲ ಮಾರಾಯ್ತಿ, ಎಡಕ್ಕ ತಿರುಗಿ ಬೀಸ!”