ತೀರ್ಥ ಕುಡಿದ ಕಡಲ ಹೂ

ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಮೊನ್ನೆ ಮಡಿಕೇರಿಗೆ ಹೋಗಿದ್ದೆ. ಡಾಕ್ಟರ ಕೋಣೆಯ ಹೊರಗೆ ಗಾಜಿನ ತೊಟ್ಟಿಯೊಂದಿತ್ತು. ಯಾರೋ ಅದರ ಮುಚ್ಚಳ ತೆಗೆದಾಗ ಉಪ್ಪುನೀರಿನ ವಾಸನೆ ಮೂಗಿಗೆ ಬಡಿಯಿತು. ನಗಬೇಡಿ, ನಾನು ಕಡಲನ್ನು ಕಂಡದ್ದು ಬದುಕಿನಲ್ಲಿ ಎರಡೇ ಸಲ. ಆದರೂ ಆ ವಾಸನೆ ನನಗೆ ಒಗ್ಗರಣೆಯಷ್ಟೇ ಪರಿಚಯ. ಒಂದು ಕಾಲಕ್ಕೆ ನಮ್ಮ ಮನೆಯೊಳಗೇ ಎರಡು ಕೊಡದಷ್ಟು ಕಡಲಿತ್ತು.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಭಾಗಮಂಡಲದ ಕಡೆಯ ಎಸ್ಟೇಟೊಂದರಲ್ಲಿ ರೈಟರು. ಆಳುಗಳ ಹಾಜರಿ ಬರೆಯುವ ಕೆಲಸ, ಗತ್ತು ಮಾತ್ರ ಚೀಫ್ ಕಮಿಷನರದು. ಎಸ್ಟೇಟಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ನಾಯಿಯನ್ನು ಒಬ್ಬರಿಗೆ, ಕುರ್ಚಿಯನ್ನು ಒಬ್ಬರಿಗೆ ಕೊಟ್ಟು, ಯಾರೂ ಬೇಡವೆಂದ ಗಾಜಿನ ತೊಟ್ಟಿಯನ್ನು ಭಾವನಿಗೆ ದಯಪಾಲಿಸಿದ. ಅದರೊಳಗೆ ಕಲ್ಲಿಗೆ ಅಂಟಿಕೊಂಡ ಒಂದು ಕೆಂಪು ಜೀವ. ಮೈತುಂಬ ಎಸಳಿನಂಥ ಬೆರಳುಗಳು, ಮುಟ್ಟಿದರೆ ಮುದುಡುತ್ತಿತ್ತು. ಅದು ಪ್ರಾಣಿ ಎಂದು ನಮ್ಮ ಅತ್ತೆಯನ್ನು ಒಪ್ಪಿಸಲು ಕೊನೆಗೂ ಯಾರಿಂದಲೂ ಆಗಲಿಲ್ಲ. "ಎಸಳು ಉಂಟು, ನೀರಲ್ಲಿ ಉಂಟು, ಹೂವಲ್ಲದೆ ಮತ್ತೆಂಥದು?" ಎನ್ನುತ್ತಿದ್ದರು.

ಬಂದವರಿಗೆಲ್ಲ ಭಾವ ಅದನ್ನು ತೋರಿಸಿ, "ಇದನ್ನು ಸಾಕೋದು ಅಂದ್ರೆ ಸಾಮಾನ್ಯ ಅಲ್ಲ ಮಾರಾಯ್ರೆ" ಎನ್ನುತ್ತಿದ್ದ. ಸಾಕಿದವಳು ಅವನ ಹೆಂಡತಿ, ನನ್ನ ಓರಗಿತ್ತಿ. ನಾನು ಅಕ್ಕ ಎನ್ನುತ್ತಿದ್ದೆ. ಮಂಗಳೂರಿಗೆ ಕಾಫಿ ಒಯ್ಯುವ ಲಾರಿಯವನಿಗೆ ಊಟ ಹಾಕಿ ಕ್ಯಾನಿನಲ್ಲಿ ಕಡಲ ನೀರು ತರಿಸುತ್ತಿದ್ದಳು. ಬೆಳಿಗ್ಗೆ ಸಂಜೆ ಚಿಪ್ಪಿನ ಸೌಟಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಹುಯ್ಯುತ್ತಿದ್ದಳು, ಅದಕ್ಕೆ ಗಾಳಿ ಬೇಕಲ್ಲ. ಬಿದಿರುಕಡ್ಡಿಯ ತುದಿಯಲ್ಲಿ ಏಡಿಮಾಂಸದ ಚೂರು ಉಣಿಸುತ್ತಿದ್ದಳು. ಗಾಜಿನ ಮೇಲೆ ಮಸಿಯ ಗೆರೆ ಎಳೆದಿದ್ದಳು. ನೀರು ಆವಿಯಾಗಿ ಗೆರೆಯಿಂದ ಇಳಿದರೆ ಬರೀ ಸಿಹಿನೀರು ಸೇರಿಸಬೇಕು, ಯಾಕೆಂದರೆ ಉಪ್ಪು ಹಾರಿಹೋಗುವುದಿಲ್ಲ. ಇಷ್ಟನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ನೋಡಿ ನೋಡಿ ಕಲಿತಳು.

ಅವಳಿಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿರಲಿಲ್ಲ. ಭಾವನಿಗೆ ಇನ್ನೊಂದು ಮದುವೆ ಮಾಡಬೇಕೆಂದು ಅತ್ತೆ ಗುನುಗಲು ಶುರುಮಾಡಿದ್ದರು. ಪ್ರತಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತೀರ್ಥ ತಂದು ಮೊದಲ ಸೌಟು ಅಕ್ಕನಿಗೇ ಕುಡಿಸುತ್ತಿದ್ದರು. ಮಿಕ್ಕದ್ದು ನಮಗೆ, ದನಗಳಿಗೆ, ಬಾವಿಗೆ. ಆ ವರ್ಷ ಹೂವಿಗೂ ಪುಣ್ಯ ಸಿಗಲೆಂದು ಒಂದು ಕೊಡ ತೀರ್ಥವನ್ನು ತೊಟ್ಟಿಗೇ ಸುರಿದುಬಿಟ್ಟರು. ನೀರಿನ ಉಪ್ಪು ತೆಳುವಾಗಿ ಹೂವು ಕೊಳೆತ ಟೊಮೇಟೊದಂತೆ ಮುದ್ದೆಯಾಯಿತು. ಅಕ್ಕ ತೊಟ್ಟಿಯ ನೀರನ್ನು ತೋಡಿ ತೆಗೆದು, ಕ್ಯಾನಿನಲ್ಲಿದ್ದ ಕಡಲ ನೀರನ್ನು ಸ್ವಲ್ಪ ಸ್ವಲ್ಪವೇ ತುಂಬಿಸಿದಳು.

ಹೂವು ಉಳಿಯಿತು. ಎರಡು ವಾರದ ಮೇಲೆ ಅದರ ಬುಡ ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿ, ನಡುವೆ ಹರಿದು ಎರಡಾಯಿತು.

ಅತ್ತೆಯ ಸಂಭ್ರಮ ಹೇಳತೀರದು. "ಕಂಡ್ಯಾ? ಒಂದೇ ಸಲ ಕುಡ್ದದ್ದು, ಹೆತ್ತೇ ಬಿಟ್ತು. ನೀನು ಹನ್ನೊಂದು ವರ್ಷ ಕುಡಿದೆ." ನನ್ನ ಮಡಿಲಿನ ಕೂಸನ್ನು ತೋರಿಸಿ, "ಇವಳನ್ನು ನೋಡು, ಒಂದೇ ವರ್ಷ" ಎಂದರು. ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿಮ್ಮಲ್ಲಿ ಸುಳ್ಳೇಕೆ, ಒಳಗೊಳಗೇ ಹಿಗ್ಗಿದ್ದೆ.

ಅಕ್ಕ ಕೈ ಒರೆಸಿಕೊಂಡು, "ಅದು ಹೆತ್ತದ್ದಲ್ಲ ಅತ್ತೆ. ಇದ್ದ ಜಾಗ ತಡೀಲಿಕ್ಕಾಗದೆ ಹರಿದುಕೊಂಡದ್ದು" ಎಂದಳು.

ಕೊಡಗನ್ನು ಮೈಸೂರಿಗೆ ಸೇರಿಸಬೇಕೋ ಬೇಡವೋ ಎಂದು ನಮ್ಮ ಗಂಡಸರು ಜಗಲಿಯಲ್ಲಿ ತಿಂಗಳುಗಟ್ಟಲೆ ವಾದ ಮಾಡಿದವರು. ಮನೆಗೆ ಇನ್ನೊಬ್ಬಳನ್ನು ಸೇರಿಸುವ ವಿಷಯವನ್ನು ಒಂದು ಲೋಟ ಕಾಫಿಯಲ್ಲಿ ಮುಗಿಸಿದರು. ಭಾವ ಬೇಡವೆನ್ನಲಿಲ್ಲ. "ಅಮ್ಮ ಹೇಳಿದ ಹಾಗೆ" ಎಂದ, ಬಹಳ ವಿಧೇಯ ಮಗ. ಮರುದಿನ ಅಕ್ಕ ಅಗಲ ಬಾಯಿಯ ಬಾಟಲಿಯಲ್ಲಿ ಒಂದು ಹೂವನ್ನು ಹಾಕಿಕೊಂಡು ಹುದಿಕೇರಿ ಕಡೆಯ ತವರಿಗೆ ಬಸ್ಸು ಹತ್ತಿದಳು. ತಿರುಗಿ ಬರಲಿಲ್ಲ. ನಾನು ಒಂದು ಕಾಗದ ಬರೆಯಬಹುದಿತ್ತು, ಬರೆಯಲಿಲ್ಲ.

ಉಳಿದ ಹೂವನ್ನು ಭಾವ ತಾನೇ ನೋಡಿಕೊಂಡ. ನೀರು ಗೆರೆಯಿಂದ ಇಳಿದಾಗಲೆಲ್ಲ ಅಡುಗೆ ಉಪ್ಪು ಕರಗಿಸಿ ಹುಯ್ದ. ಹತ್ತು ದಿನಕ್ಕೆ ಸತ್ತು ನಾರಿತು. ಎರಡನೆಯ ಹೆಂಡತಿ ಬಂದಳು, ಪಾಪ, ಅವಳೂ ಒಂಬತ್ತು ವರ್ಷ ತೀರ್ಥ ಕುಡಿದಳು. ತೊಟ್ಟಿಲು ಅಟ್ಟದಿಂದ ಇಳಿಯಲಿಲ್ಲ. ಆಗಲೂ ಭಾವನ ಕಡೆಗೆ ಯಾರೂ ಬೆರಳು ತೋರಿಸಲಿಲ್ಲ. ನಾನೂ ತೋರಿಸಲಿಲ್ಲ.

ಡಾಕ್ಟರಲ್ಲಿ ಅಳತೆ ಕೊಟ್ಟು ಮನೆಗೆ ಬಂದರೆ, ನನ್ನ ಸೊಸೆ ತೀರ್ಥದ ಬಾಟಲಿ ಹಿಡಿದು ಮೊಮ್ಮಗನ ಹೆಂಡತಿಯ ಎದುರು ನಿಂತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾಯಿತು. ಆ ಹುಡುಗಿ ತಲೆ ತಗ್ಗಿಸಿ ಅಂಗೈ ಒಡ್ಡಿದ್ದಳು. ಮೊಮ್ಮಗ ಸೋಫಾದಲ್ಲಿ ಮೊಬೈಲು ನೋಡುತ್ತಿದ್ದ.

ಅರವತ್ತು ವರ್ಷ ತಡವಾಗಿ, ಹಲ್ಲಿಲ್ಲದ ಬಾಯಲ್ಲಿ ಹೇಳಿದೆ: "ಮೊದಲು ನಿನ್ನ ಮಗನಿಗೆ ಕುಡಿಸು."